ಬ್ಯಾರನ್ ಗೋಡೆಯ ಮೇಲಿನ ಕೇಬಲ್

"ಮತ್ತೆ ಅದೇ ಊರು," ಅಂದರು ಓನರ್, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ.

ಹೊಳೆನರಸೀಪುರದ ನಮ್ಮ ಕೇಬಲ್ ಟಿವಿ ಆಫೀಸಿನಲ್ಲಿ ನಾನಾಗ ಚೀಲಕ್ಕೆ ಕನೆಕ್ಟರ್ ತುಂಬಿಕೊಳ್ಳುತ್ತಾ ನಿಂತಿದ್ದೆ. ಅದೇ ಊರು ಅಂದರೆ ಅರಕಲಗೂಡು ದಾರಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಕಡೆಯ ಒಂದೂರು. ಹೆಸರು ಬೇಡ, ನಾನಿನ್ನೂ ಅಲ್ಲಿ ಕಂಬ ಹತ್ತಬೇಕು. ಆ ಊರಿನ ಮೇಲ್ಗಡೆ ಬಡಾವಣೆಗೆ ವಾರದಲ್ಲಿ ಎರಡು ಮೂರು ದಿನ ಟಿವಿ ಬರುತ್ತಿರಲಿಲ್ಲ. ಪಿಕ್ಚರ್ ಚೂರುಚೂರಾಗಿ ಒಡೆದು, ಮಾತು ಕೊಕ್ಕರೆ ಕೂಗಿದ ಹಾಗಾಗಿ, ಕೊನೆಗೆ 'ಸಿಗ್ನಲ್ ಇಲ್ಲ' ಅಂತ ಬರೆಹ ಬಂದು ನಿಲ್ಲುತ್ತಿತ್ತು. ಆಮೇಲೆ ತಾನಾಗಿಯೇ ಸರಿ ಹೋಗುತ್ತಿತ್ತು. ಯಾಕೆ ಹೋಯಿತು, ಯಾಕೆ ಬಂತು, ಯಾರಿಗೂ ಗೊತ್ತಿಲ್ಲ.

"ಲೈನ್ ಕೊಡಿ ಲೈನ್ ಕೊಡಿ ಅಂತ ಕುಣಿದೆ, ಕೊಟ್ಟೆ," ಅಂದರು ಓನರ್. "ಗೌರಿ ಹಬ್ಬದೊಳಗೆ ಸರಿ ಮಾಡು. ಆಗ್ಲಿಲ್ಲ ಅಂದ್ರೆ ಒಳಗ್ ಬಂದು ಫೋನ್ ಎತ್ಕೊಂಡು ಕೂತ್ಕೊ. ಲೈನು ಸೀನಿಯರ್ ನೋಡ್ಕೋತಾನೆ."

ಸೀನಿಯರ್ ಅಂದರೆ ನಮ್ಮ ಹಳೇ ಲೈನ್‌ಮನ್. ಮೂಲೆಯಲ್ಲಿ ಟೀ ಕುಡಿಯುತ್ತಿದ್ದವನು ಲೋಟ ಕೆಳಗಿಡದೆ ನಕ್ಕ. ಹೆಂಗಸು ಏಣಿ ಹತ್ತುವುದೇ ಅವನಿಗೆ ಪುಕ್ಕಟೆ ನಾಟಕವಾಗಿತ್ತು. ಫೋನಿನ ಕೆಲಸ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಐಟಿಐ ಎಲೆಕ್ಟ್ರಾನಿಕ್ಸ್ ಓದಿ ಬಂದವಳನ್ನು ಮೊದಲು ಅಲ್ಲಿಗೇ ಕೂರಿಸಿದ್ದರು. ಬೆಳಗಿನಿಂದ ಸಂಜೆವರೆಗೆ "ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಸಾ" ಅನ್ನುವುದು, ಬೈಸಿಕೊಳ್ಳುವುದು, ಮತ್ತೆ ಅದನ್ನೇ ಅನ್ನುವುದು. ಅಲ್ಲಿಂದ ಎದ್ದು ಬರಲು ನಾನು ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು. ವಾಪಸ್ ಹೋಗಿ ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ಕೆಲಸವೇ ಬಿಡುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡು ಬಸ್ಸು ಹತ್ತಿದೆ.

ಕೇಬಲ್ ಅಂದರೆ ಒಂದು ತಂತಿ ಅಂದುಕೊಂಡಿದ್ದಾರೆ ಜನ. ಅದರಲ್ಲಿ ಬಟ್ಟೆ ಒಣಗಿಸುತ್ತಾರೆ, ಎಮ್ಮೆ ಕಟ್ಟುತ್ತಾರೆ, ಅವರೇಕಾಯಿ ಬಳ್ಳಿ ಹಬ್ಬಿಸುತ್ತಾರೆ. ಅಡ್ಡ ಕೊಯ್ದು ನೋಡಿದರೆ ಗೊತ್ತಾಗುತ್ತದೆ. ಒಳಗೆ ನಟ್ಟನಡುವೆ ಒಂದು ತಾಮ್ರದ ತಂತಿ. ಅದರ ಸುತ್ತ ಬಿಳೀ ಪ್ಲಾಸ್ಟಿಕ್ ನೊರೆ. ನೊರೆಯ ಮೇಲೆ ತೆಳು ಬೆಳ್ಳಿಬಣ್ಣದ ಹಾಳೆ, ಅದರ ಮೇಲೆ ಹೆಣೆದ ಜಾಲರಿ, ಎಲ್ಲಕ್ಕೂ ಮೇಲೆ ಕಪ್ಪು ತೊಗಟೆ. ಸಿಗ್ನಲ್ಲು ಓಡುವುದು ತಾಮ್ರಕ್ಕೂ ಜಾಲರಿಗೂ ನಡುವಿನ ಆ ನೊರೆಯ ಜಾಗದಲ್ಲಿ. ಹೊರಗಿನ ಗಲಾಟೆ ಒಳಗೆ ಬಾರದ ಹಾಗೆ, ಒಳಗಿನದು ಆಚೆ ಸೋರದ ಹಾಗೆ ಜಾಲರಿ ಕಾಯುತ್ತದೆ. ಇಷ್ಟಕ್ಕೆಲ್ಲ ಒಂದೇ ಕಟ್ಟುಪಾಡು: ನಡುವಿನ ತಂತಿ ನಡುವಿನಲ್ಲೇ ಇರಬೇಕು, ಊರುದ್ದಕ್ಕೂ ಸುತ್ತಲಿನ ಅಂತರ ಒಂದೇ ಸಮ ಇರಬೇಕು. ಎಲ್ಲಿ ಜಜ್ಜಿತೋ, ಮುರಿದು ಮಡಿಚಿತೋ, ನೀರು ಇಳಿಯಿತೋ, ಅಲ್ಲಿ ಸಿಗ್ನಲ್ಲು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ತಿರುಗುತ್ತದೆ. ನಮ್ಮ ಕಸುಬೆಲ್ಲ ಆ ನಡುವನ್ನು ಕಾಯುವುದು.

ಆ ಊರಿನಲ್ಲಿ ಲೈನ್ ಹೋಗಿದ್ದ ದಾರಿ ಹೀಗಿತ್ತು. ಊರ ಬಾಗಿಲಿನವರೆಗೆ ಫೈಬರ್. ಅಲ್ಲಿ ಒಂದು ಪೆಟ್ಟಿಗೆ, ಅಲ್ಲಿಂದ ಮುಂದೆ ಮನೆಮನೆಗೆ ಈ ಕೇಬಲ್. ಹಳೇ ಬೀದಿ ದಾಟಿದ ಮೇಲೆ ಒಂದು ದೊಡ್ಡ ಹೊಲ, ಹೊಲದಾಚೆ ಮೇಲ್ಗಡೆ ಬಡಾವಣೆ. ಮೊದಲು ಕೇಬಲ್ ಕರೆಂಟ್ ಕಂಬಗಳ ಮೇಲೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಂಬದ ಮೇಲಿನ ಕೇಬಲ್ ಎಲ್ಲಾ ತೆಗೆಯಿರಿ ಅಂತ ಕರೆಂಟ್ ಆಫೀಸಿನವರು ಹೇಳಿದ್ದರಿಂದ ಸೀನಿಯರ್ ಅದನ್ನು ಕಿತ್ತು, ಹೊಲದ ನಡುವೆ ಇದ್ದ ಬ್ಯಾರನ್ ಗೋಡೆಗೆ ಕಟ್ಟಿ ಆಚೆಗೆ ದಾಟಿಸಿದ್ದ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಎತ್ತರದ ಇಟ್ಟಿಗೆ ಮನೆ. ಸುತ್ತಮುತ್ತ ಅದಕ್ಕಿಂತ ಎತ್ತರದ್ದು ಯಾವುದೂ ಇರಲಿಲ್ಲ. ನಾನು ಚನ್ನರಾಯಪಟ್ಟಣದ ಕಡೆಯವಳು. ನಮ್ಮಲ್ಲಿ ತೆಂಗು, ರಾಗಿ. ಹೊಗೆಸೊಪ್ಪು ಅಂದರೆ ನಮ್ಮಜ್ಜಿಯ ಎಲೆಅಡಿಕೆ ಚೀಲದಲ್ಲಿ ನೋಡಿದ್ದಷ್ಟೇ.

ಹಳೇ ಬೀದಿಯಲ್ಲಿ ಟಿವಿ ಚೆನ್ನಾಗಿತ್ತು. ಸಿಗ್ನಲ್ ಅಳೆಯುವ ಮೀಟರ್ ಹಿಡಿದು ನೋಡಿದೆ, ಅರವತ್ತೈದರ ಮೇಲೇ ಇತ್ತು; ಅರವತ್ತು ದಾಟಿದರೆ ಪಿಕ್ಚರ್ ಗಟ್ಟಿ. ಬಡಾವಣೆಗೆ ಹೋಗಿ ಹಿಡಿದೆ, ನಲವತ್ತಕ್ಕೆ ಬಿದ್ದು ಅಲ್ಲಾಡುತ್ತಿತ್ತು. ತೊಂದರೆ ಹೊಲ ದಾಟುವಾಗಲೇ ಅಂತ ಮೊದಲ ದಿನವೇ ಗೊತ್ತಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಬ್ಯಾರನ್ ಕಡೆ ನಡೆದೆ.

ಅಂಗಳದ ಬಾಯಿಗೆ ಬೇವಿನ ಸೊಪ್ಪು ಕಟ್ಟಿ, ಪಕ್ಕಕ್ಕೆ ಒಂದು ಹಳೇ ಎಕ್ಕಡ ನೇತು ಹಾಕಿದ್ದರು. ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬ್ಯಾರನ್ ಯಜಮಾನ್ತಿ ಕೂತಿದ್ದರು. ಊರಿಗೆಲ್ಲ ಅವರು ಗೌಡತಿ. ಗಂಡ ಇದ್ದಾಗಲೂ ಬೇಸಾಯ ಅವರದೇ, ಈಗಲೂ ಅವರದೇ. ಸೊಪ್ಪಿನ ಬಣ್ಣ ನೋಡಿ ರೇಟು ಹೇಳುವಷ್ಟು ಗಟ್ಟಿಗಿತ್ತಿ. ಹೆಂಗಸಾಗಿ ಇಷ್ಟು ಆಳುವವರು ನನ್ನ ಕಷ್ಟ ತಿಳಿದುಕೊಳ್ಳುತ್ತಾರೆ ಅಂತ ನನಗೆ ಒಳಗೊಳಗೆ ಖುಷಿಯಾಗಿತ್ತು.

"ನಿಂತ್ಕಳಮ್ಮಿ ಅಲ್ಲೇಯ," ಅಂದರು. "ಬೆಂಕಿ ಆಕಿದ್ದೀವಿ. ಸೊಪ್ಪು ಈಚೆಗೆ ಬರೋಗಂಟ ಪರರು ಈ ಅಂಗಳ ಮೆಟ್ಟಂಗಿಲ್ಲ. ಕಣ್ ಬಿದ್ರೆ ಎಲೆ ಕರ್ರಗಾಯ್ತದೆ."

"ಅವ್ವಾ, ನಾನು ಎಲೆ ನೋಡಲ್ಲ. ವೈರ್ ನೋಡ್ಕೊಂಡು ಹೋಗ್ತೀನಿ."

"ವೈರ್‌ಗೊಂದು ಎಲೆಗೊಂದು ಅಂತ ಕಣ್ಣು ಬ್ಯಾರೆ ಬ್ಯಾರೆ ಮಡಿಕ್ಕಂಡಿದ್ದೀಯೇನಮ್ಮಿ? ಗಂಡಸು ಬಂದ್ರೂ ಇದೇ ಮಾತೇಯ. ಬೆಂಕಿ ಆರಿಸಿದ್ ಮ್ಯಾಲೆ ಬಾ, ಬ್ಯಾಡ ಅನ್ನಕ್ಕಿಲ್ಲ."

ಅವರ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಮಜ್ಜಿಗೆ ಕೊಡಿಸಿದರು, ಅದೂ ಅಂಗಳದಾಚೆಗೇ. ಕುಡಿದು ಬಂದೆ.

ಬೆಂಕಿ ಆರಿಸಿ ಸೊಪ್ಪು ಇಳಿಸಿದ ದಿನ ಹೋದೆ. ಏಣಿ ಹಾಕಿ ಹತ್ತಿ, ಬ್ಯಾರನ್ನಿಗೆ ಈಚೆಯ ಜಾಯಿಂಟ್ ಬಿಚ್ಚಿ ನೋಡಿದೆ, ಆಚೆಯದನ್ನು ಬಿಚ್ಚಿ ನೋಡಿದೆ. ಎರಡೂ ಕಡೆ ರೀಡಿಂಗ್ ಸರಿಯಾಗಿತ್ತು. ಒಂದು ಕನೆಕ್ಟರಿನಲ್ಲಿ ಮಾತ್ರ ಮಳೆ ನೀರು ಇಳಿದು ತಾಮ್ರ ಹಸಿರುಗಟ್ಟಿತ್ತು. ಅಬ್ಬಾ, ಸಿಕ್ಕಿತಲ್ಲ ಕಳ್ಳ ಅಂತ ಕುಣಿದಾಡುವಷ್ಟು ಸಂತೋಷವಾಯಿತು. ಕತ್ತರಿಸಿ ಹೊಸದು ಹಾಕಿ, ಟೇಪು ಸುತ್ತಿ, ಓನರ್‌ಗೆ ಫೋನ್ ಮಾಡಿ ಆಯ್ತು ಸಾರ್ ಅಂದೆ. ಅವರು ಹೂಂ ಅಂದರು.

ಇನ್ನೂ ವಾರ ತುಂಬಿರಲಿಲ್ಲ, ಬಡಾವಣೆಯಲ್ಲಿ ಮತ್ತೆ ಪಿಕ್ಚರ್ ಒಡೆಯಿತು.

ಮತ್ತೆ ಓಡಿದೆ. ಅಂಗಳದ ಬಾಯಲ್ಲಿ ಬೇವಿನ ಸೊಪ್ಪು ಕಟ್ಟಿತ್ತು. "ಇವತ್ತಾಗಕ್ಕಿಲ್ಲ ಕಣಮ್ಮಿ." ತಿರುಗಿ ಬಂದು ಬಡಾವಣೆಯ ಆಂಪ್ಲಿಫೈಯರ್ ಬದಲಾಯಿಸಿದೆ. ಹಾಸನಕ್ಕೆ ಹೋಗಿ ಹೊಸ ಸ್ಪ್ಲಿಟರ್‌ಗಳನ್ನು ತಂದು ಹಾಕಿದೆ. ಊರ ಬಾಗಿಲಿನ ಪೆಟ್ಟಿಗೆ ಬಿಚ್ಚಿ ಇರುವೆ ಗೂಡು ಗುಡಿಸಿದೆ. ಯಾರಾದರೂ ಬೇಕಂತಲೇ ಕೀಳುತ್ತಿದ್ದಾರಾ ಅಂತ ಅನುಮಾನ ಬಂದು ಒಂದು ಮಧ್ಯಾಹ್ನವೆಲ್ಲ ಹೊಲದ ಬದುವಿನ ಮೇಲೆ ಕೂತು ಕಾದೆ. ಒಂದು ಅಳಿಲು ಬಂತು, ಹೋಯಿತು. ಸೀನಿಯರ್ ಆಫೀಸಿನಲ್ಲಿ ಎಲ್ಲರೆದುರಿಗೆ, "ಏನಮ್ಮಾ, ನಿನ್ ಕ್ಯಾಬ್ಲು ಇವತ್ತು ರಜಾನೋ ಡ್ಯೂಟಿನೋ?" ಅಂತ ಕೇಳುವುದು ದಿನದ ಮಾತಾಯಿತು. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಬೆಂಕಿ ಆರಿದಾಗೆಲ್ಲ ಬ್ಯಾರನ್ ಹತ್ತಿ ನೋಡುತ್ತಿದ್ದೆ, ನೋಡಿದಾಗೆಲ್ಲ ಎಲ್ಲವೂ ಸರಿಯಾಗಿರುತ್ತಿತ್ತು. ನನಗೇ ತಲೆ ಕೆಟ್ಟಿದೆಯೋ ಏನೋ ಅನ್ನಿಸತೊಡಗಿತು.

ಬಡಾವಣೆಯ ಮೊದಲ ಮನೆಯ ಹೆಂಗಸು ಗೌಡತಿಯ ಅಂಗಳಕ್ಕೆ ಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದಳು. ಹಸಿ ಎಲೆಯನ್ನು ಕಡ್ಡಿಗೆ ದಾರದಿಂದ ಕಟ್ಟುವ ಕೆಲಸ. ನಾನು ಅವಳನ್ನು ಅಕ್ಕಾ ಅನ್ನುತ್ತಿದ್ದೆ, ಹೋದಾಗೆಲ್ಲ ಟೀ ಕಾಯಿಸುತ್ತಿದ್ದಳು. ಆವತ್ತು ಅವಳ ಮನೆಯಲ್ಲಿ ಮೀಟರ್ ಸಿಕ್ಕಿಸಿಕೊಂಡು ಕೂತಿದ್ದಾಗ ಕಣ್ಣೆದುರಿಗೇ ರೀಡಿಂಗ್ ಇಳಿಯತೊಡಗಿತು. ಅದೇ ಹೊತ್ತಿಗೆ ನನಗೆ ಸೀನು ಬಂತು. ಗಾಳಿಯಲ್ಲಿ ಬೆಂದ ಎಲೆಯ ಘಾಟು.

"ಇವತ್ತು ಜೋರು ಬೆಂಕಿ ಕಣವ್ವ," ಅಂದಳು ಅಕ್ಕ. "ದಂಟು ಒಣಗಾಕೆ ಬುಟ್ಟವ್ರೆ."

"ಅಂದ್ರೆ?"

"ಮೊದ್ಲು ಸಣ್ ಕಾವು, ಎಲೆ ಹಳದಿ ಆಗೋಗಂಟ. ಆಮೇಕೆ ಏರುಸ್ತಾ ಓಯ್ತಾರೆ. ಕೊನೇಲಿ ದಂಟು ಒಣಗ್ಬೇಕಲ್ಲ, ಚಿಮಣಿ ಕೆಂಪಗಾಯ್ತದೆ ಅನ್ನಂಗೆ ಉರಿ ಆಕ್ತಾರೆ."

ಹಿಂದಿನ ಸಲ ಟಿವಿ ಕೆಟ್ಟಾಗಲೂ ನಾನು ಇದೇ ಮನೆಯಲ್ಲಿ ಸೀನಿದ್ದೆ. ಅದರ ಹಿಂದಿನ ಸಲವೂ.

"ಅಕ್ಕಾ, ನಾನು ಬ್ಯಾರನ್ ಹತ್ತಿ ನೋಡಿದಾಗೆಲ್ಲ?"

"ಒಲೆ ತಣ್ಣಗಿರ್ತದೆ. ಗೌಡಮ್ನೋರು ನಿನ್ನ ಬುಡೋದೇ ಅವಾಗ್ ತಾನೆ?"

ಟೀ ಲೋಟ ಕೆಳಗಿಟ್ಟೆ. ಥೂ ನನ್ನ ಅಂದುಕೊಂಡೆ. ಬಿಸಿಯಾದಾಗ ಕೆಡುವ ಕೇಬಲ್ಲನ್ನು ತಣ್ಣಗಿದ್ದಾಗ ಮಾತ್ರ ನೋಡುವುದಕ್ಕೆ ಬಿಡುತ್ತಾರೆ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ಜನ್ಮದಲ್ಲಿ ಸಿಕ್ಕುತ್ತಿರಲಿಲ್ಲ ಅದು.

ಓನರ್‌ಗೆ ಹೇಳಿದೆ. ಬ್ಯಾರನ್ ಬಿಟ್ಟು ಹೊಲದ ಬದುವಿನ ಮೇಲೆ ಕಂಬ ನೆಟ್ಟು ಹೊಸ ಕೇಬಲ್ ಎಳೆಯೋಣ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎರಡೂ ತುದೀಲಿ ರೀಡಿಂಗ್ ಸರಿ ಇರೋ ಕೇಬಲ್ ಯಾಕಮ್ಮ ಕಿತ್ತಾಕ್ತೀಯ? ನೀನೇ ಸರಿ ಅದೆ ಅಂತ ಬರ್ದಿದ್ದೀಯ. ಬೆಂಕಿ ಇರೋವಾಗ ನೋಡ್ದ್ಯಾ?"

"ಬಿಡ್ತಿಲ್ಲ ಸಾರ್."

ಅವರೇ ಗೌಡತಿಗೆ ಫೋನ್ ಹಚ್ಚಿದರು. ಎರಡು ಮಾತಿಗೇ ಇಟ್ಟರು. "ತಣ್ಣಗಾದ್ ಮೇಲೆ ಬರಲಿ ಅಂತಾರೆ. ಹೋಗು."

"ತಣ್ಣಗಾದ್ ಮೇಲೆ ಸರಿ ಇರ್ತದೆ ಸಾರ್!"

"ಸರಿ ಇದ್ರೆ ಇನ್ನೇನು ನಿಂದು ಗೋಳು?"

ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಲೆಕ್ಕ ಹಾಕಿದೆ. ಬದುವಿನ ಮೇಲೆ ಕಂಬ ನೆಡಬೇಕಾದರೂ ಗೌಡತಿ ಒಪ್ಪಬೇಕು, ಇರುವುದೇ ಚೆನ್ನಾಗಿರುವಾಗ ಅವರು ಯಾಕೆ ಒಪ್ಪುತ್ತಾರೆ. ಬಿಸಿ ಇರುವಾಗಿನ ಒಂದು ರೀಡಿಂಗ್ ಇಲ್ಲದೆ ಯಾರೂ ನನ್ನ ಮಾತು ನಂಬುವುದಿಲ್ಲ. ಬಿಸಿ ಇರುವಾಗ ಯಾರೂ ಬಿಡುವುದಿಲ್ಲ. ಹಬ್ಬ ಬಂದರೆ ಫೋನಿನ ಕುರ್ಚಿ ಖಾಯಂ.

ನಾನು ಕದ್ದು ಹೋಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಡಹಗಲು, ಗೌಡತಿ ಕುರ್ಚಿಯ ಮೇಲೆ ಕೂತಿದ್ದಾಗ, ಚಿಮಣಿ ಭರ್ರೋ ಅಂತ ಹೊಗೆ ಉಗುಳುತ್ತಿದ್ದಾಗ ಹೋದೆ. ಎಕ್ಕಡದ ಈಚೆ ನಿಂತು ಕೇಳಿದೆ.

"ಅವ್ವಾ, ಸ್ವಲ್ಪ ಹೊತ್ತು. ಏಣಿ ಹತ್ತಿ ಇಳಿಯೋದಷ್ಟೇ."

"ಏಳಿದ್ದೀನಲ್ಲಮ್ಮಿ."

"ನನ್ನ ಕೆಲಸ ಹೋಗ್ತದೆ ಅವ್ವಾ."

"ನನ್ ಸೊಪ್ಪು ಓಯ್ತದೆ."

ಅವರು ಮುಖ ತಿರುಗಿಸಿದರು. ನನಗೆ ಏನಾಯಿತೋ, ಸಿಟ್ಟೋ ಅಳುವೋ, ಎರಡೂ ಸೇರಿತ್ತು. ಬೇವಿನ ಸೊಪ್ಪು ಸರಿಸಿ ಒಳಗೆ ನಡೆದೆ. ಗೌಡತಿ ಕುರ್ಚಿಯಿಂದ ಎದ್ದು ನಿಂತರು. ಒಲೆಗೆ ಸೌದೆ ಹಾಕುತ್ತಿದ್ದ ಆಳು "ಏಯ್ ಏಯ್" ಅಂತ ಕೂಗುತ್ತಾ ಒಲೆ ಬಿಟ್ಟು ಓಡಿಬಂದ. ಅಷ್ಟರಲ್ಲಿ ನಾನು ಗೋಡೆಗೆ ಒರಗಿಸಿದ್ದ ಏಣಿಯ ಮೇಲಿದ್ದೆ. ಹೆಂಗಸನ್ನು ಕಾಲು ಹಿಡಿದು ಎಳೆಯುವುದಕ್ಕೆ ಅವನಿಗೆ ಧೈರ್ಯ ಬರಲಿಲ್ಲ. ಕೆಳಗೆ ನಿಂತು ಬೈದ.

ಮೇಲೆ ಹೋದವಳಿಗೆ ಮೈಯೆಲ್ಲ ಉರಿ. ಬೇಸಿಗೆಯಲ್ಲಿ, ಬ್ಯಾರನ್ ತಣ್ಣಗೆ ಮಲಗಿದ್ದಾಗ, ಸೀನಿಯರ್ ಕೇಬಲ್ಲನ್ನು ಬಿಗಿಯಾಗಿ ಎಳೆದು ಚಿಮಣಿಯ ಪಕ್ಕದ ಕಬ್ಬಿಣದ ಕೊಕ್ಕೆಗೆ ಒಂದು ಸುತ್ತು ಬಗ್ಗಿಸಿ ಕಟ್ಟಿದ್ದ. ಅಂಗೈ ಅಗಲ ದೂರವೂ ಇರಲಿಲ್ಲ; ಚಿಮಣಿ ತಣ್ಣಗಿದ್ದಾಗ ನೋಡಿಯೂ ನಾನದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಕಪ್ಪು ತೊಗಟೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಗ್ಲೌಸ್ ಹಾಕಿದ ಬೆರಳಿನಲ್ಲಿ ಒತ್ತಿದರೆ ಒಳಗೆ ಮೆತ್ತಗೆ ಇಳಿಯಿತು. ಈಚೆಯ ಜಾಯಿಂಟಿಗೆ ಮೀಟರ್ ಹಾಕಿದೆ, ಅರವತ್ತೈದು. ಆಚೆಯದಕ್ಕೆ ಹಾಕಿದೆ, ಮೂವತ್ತೆಂಟು. ಎರಡನ್ನೂ ಫೋನಿನಲ್ಲಿ ಫೋಟೋ ತೆಗೆದೆ. ಆ ಸುಟ್ಟ ತುಂಡನ್ನು ಕತ್ತರಿಸಿ, ಚೀಲದಲ್ಲಿದ್ದ ಹೊಸ ತುಂಡನ್ನು ಚಿಮಣಿಯಿಂದ ದೂರಕ್ಕೆ, ಸೂರಿನಿಂದ ಚಾಚಿಕೊಂಡಿದ್ದ ಬಿದಿರು ಗಳಕ್ಕೆ ಕಟ್ಟಿ ಜೋಡಿಸಿದೆ. ಕನೆಕ್ಟರ್ ನೆಟ್ಟಗೆ ಕೂತಿತು.

ಕೆಳಗಿಳಿದು ತುಂಡನ್ನು ಅಡ್ಡ ಕೊಯ್ದೆ. ನಡುವಿನ ತಂತಿ ನಡುವಿನಲ್ಲಿ ಇರಲಿಲ್ಲ. ಕಾವಿಗೆ ಮೆತ್ತಗಾದ ನೊರೆಯೊಳಗೆ, ಬಿಗಿತದ ಎಳೆತಕ್ಕೆ ಜರುಗಿ ಜರುಗಿ, ಜಾಲರಿಯ ಮಗ್ಗುಲಿಗೇ ಬಂದುಬಿಟ್ಟಿತ್ತು. ಕಾವು ಏರಿದಾಗ ಇನ್ನೊಂದೆಳೆಯಷ್ಟು ಜರುಗಿ ಜಾಲರಿಗೆ ತಾಗುವುದು, ತಣ್ಣಗಾದಾಗ ಕೂದಲೆಳೆಯಷ್ಟು ಹಿಂದೆ ಸರಿಯುವುದು. ನಾನು ತಣ್ಣಗಿದ್ದಾಗ ನೋಡಿದ್ದು ಆ ಕೂದಲೆಳೆಯನ್ನು.

"ನೋಡಿ ಅವ್ವಾ," ಅಂದೆ, ತುಂಡನ್ನು ಮುಂದೆ ಹಿಡಿದು. "ನಿಮ್ಮ ಚಿಮಣಿ ಕಾವಿಗೆ ಬೆಂದೋಗಿದೆ. ಇದಕ್ಕೇ ನಾನು ಬಂದಿದ್ದು."

ಗೌಡತಿ ಅದನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಬ್ಯಾರನ್ ಬಾಗಿಲನ್ನು ನೋಡುತ್ತಿದ್ದರು. "ಆಚೆ ನಡಿ," ಅಂದರು. ದನಿ ಏರಿಸಲೂ ಇಲ್ಲ.

ದಾರಿಯಲ್ಲಿ ಅಕ್ಕನ ಫೋನ್ ಬಂತು. "ಬಂತು ಕಣವ್ವ! ಕನ್ನಡಿ ಅಂಗೆ ಬತ್ತಾ ಅದೆ!" ಆ ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದೆ, ಹಸಿವೂ ಆಗಲಿಲ್ಲ, ಅಷ್ಟು ಸಂತೋಷ. ಓನರ್‌ಗೆ ಫೋಟೋ ಕಳಿಸಿದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಆ ಸಲದ ಸೊಪ್ಪು ಈಚೆಗೆ ತೆಗೆದರೆ ಮುಕ್ಕಾಲು ಪಾಲು ಕಪ್ಪು ಕಲೆ ಹೊಡೆದಿತ್ತು.

ನನಗೆ ಅದು ಗೊತ್ತಾಗುವ ಮೊದಲೇ ಗೌಡತಿಯ ಆಳು ಕುಡುಗೋಲಿನಲ್ಲಿ ಕೇಬಲ್ ಕತ್ತರಿಸಿ ಹೊಲದಿಂದ ಆಚೆ ಎಸೆದಿದ್ದ. ಬಡಾವಣೆಗೆ ಟಿವಿ ಪೂರ್ತಿ ನಿಂತಿತು. ಫೋನ್ ಮೇಲೆ ಫೋನ್. ನಾನು ಓಡಿಹೋದೆ. ಅಕ್ಕ ಮನೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಹೇಳಿದಳು.

"ನಿನ್ ಕಣ್ಣೂ ಅಲ್ಲ ಏನೂ ಅಲ್ಲ ಬುಡವ್ವ. ಮಳೇಲಿ ಕಿತ್ತ ಸೊಪ್ಪು ಅದು. ನೀರು ಸುರೀತಿತ್ತು, ನಾನೇ ಕಟ್ಟಿದ್ನಲ್ಲ. ಅಂತಾ ಸೊಪ್ಪು ಇಂಗೇ ಆಗೋದು."

"ಅಕ್ಕಾ, ಇದನ್ನೇ ಅವರ ಮುಂದೆ ಹೇಳಕ್ಕ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಏಳಿದ್ರೆ ನಾಳೆ ನಂಗ್ ಯಾರವ್ವ ಕೂಲಿ ಕೊಡ್ತಾರೆ? ನೀನು ಬಸ್ಸತ್ತಿ ಓಯ್ತೀಯ. ನಾನಿಲ್ಲೇ ಬಾಳ್ಬೇಕು."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ. ನಿಜವನ್ನೇ ಹೇಳಿದ್ದಳು.

ಓನರ್ ಕಾರಿನಲ್ಲಿ ಬಂದು ಗೌಡತಿಯ ಮನೆಗೆ ಹೋಗಿ ಕಾಫಿ ಕುಡಿದು ಮಾತಾಡಿಕೊಂಡು ಬಂದರು. ನಾನು ಹೊರಗೆ ಕಾರಿನ ಹತ್ತಿರ ನಿಂತಿದ್ದೆ. ಬಂದವರು ಕಾರಿಗೆ ಒರಗಿ, ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಶುರು ಮಾಡಿದರು.

"ಒಳ್ಳೆ ಹೆಂಗ್ಸು ಕಣಮ್ಮ. ಬದು ಮೇಲೆ ಕಂಬ ನೆಟ್ಕೊಳ್ಳಿ ಅಂದ್ರು. ನೀನು ಹೋಗಿ ಒಲೆ ಬಾಯಿ ಮುಂದೆ ಒಂದು ತಪ್ಪುಗಾಯಿ ಒಡ್ದು, ತಪ್ಪಾಯ್ತು ಅನ್ಬೇಕಂತೆ. ಅಷ್ಟೇಯ."

"ನಾನೇನ್ ತಪ್ಪು ಮಾಡ್ದೆ ಸಾರ್? ಫೋಟೋ ನೋಡಿದ್ರಲ್ಲ ನೀವು. ಅರವತ್ತೈದು, ಮೂವತ್ತೆಂಟು."

"ನೋಡ್ದೆ. ನಿನ್ ಲೆಕ್ಕ ಸರಿ ಅದೆ, ಯಾರ್ ಇಲ್ಲ ಅಂದ್ರು? ಆದ್ರೆ ಕಂಬ ನೆಡೋಕೆ ಜಾಗ ಕೊಡೋದು ಲೆಕ್ಕ ಅಲ್ಲ, ಅವ್ರು. ಒಂದ್ ಕಾಯಿಗೆ ಇಷ್ಟೊಂದು ಯಾಕೆ? ಒಡದ್ರೆ ಲೈನ್ ನಿಂದು. ಇಲ್ಲ ಅಂದ್ರೆ ಸೀನಿಯರ್ ಬಂದ್ ಒಡೀತಾನೆ, ಲೈನೂ ಅವನಿಗೇ."

ಸೀನಿಯರ್ ಬಂದು ಒಡೆಯುತ್ತಾನೆ! ಚಿಮಣಿಗೆ ಕೇಬಲ್ ಕಟ್ಟಿದವನು ಅವನು. ಅವನು ನನ್ನ ಪರವಾಗಿ ತಪ್ಪಾಯ್ತು ಅಂದು ನನ್ನ ಲೈನ್ ತಗೊಂಡು ಹೋಗುತ್ತಾನೆ. ಯಾವುದಕ್ಕೂ ಒಪ್ಪದೆ ಎದ್ದು ಹೋಗುವವರ ಕತೆ ಕೇಳಿದ್ದೇನೆ, ಅವರಿಗೆ ನಮಸ್ಕಾರ. ನನಗೆ ಏಣಿ ಬೇಕಾಗಿತ್ತು. ಅಂಗಡಿಗೆ ಹೋಗಿ ಕಾಯಿ ಆರಿಸಿದೆ, ಜುಟ್ಟು ಇರುವುದನ್ನೇ ನೋಡಿ ತಗೊಂಡೆ.

ಸೊಪ್ಪು ಇಳಿಸಿ ಆಗಿತ್ತು, ಕೆಂಡ ಮಾತ್ರ ಉಳಿದಿದ್ದ ಒಲೆಯ ಬಾಯಿ ಮುಂದೆ ಹತ್ತಾರು ಜನ ಸೇರಿದ್ದರು. ಸೊಪ್ಪು ಕಟ್ಟುವ ಹೆಂಗಸರ ಸಾಲಿನಲ್ಲಿ ಅಕ್ಕನೂ ಇದ್ದಳು. ನಾನು ಅವಳ ಮುಖವನ್ನೇ ನೋಡಿದೆ. ಈಗಲಾದರೂ ಒಂದು ಮಾತು ಆಡುತ್ತಾಳಾ ಅಂತ. ಅವಳು ತಲೆ ಬಗ್ಗಿಸಿ ದಾರದ ಗಂಟು ಬಿಡಿಸುತ್ತಿದ್ದಳು. ಕಾಯಿ ಒಡೆದೆ. ಎರಡು ಹೋಳಾಯಿತು.

"ತಪ್ಪಾಯ್ತು."

"ಗಟ್ಟಿಯಾಗಿ ಅನ್ನಮ್ಮಿ, ಎಲ್ರಿಗೂ ಕೇಳ್ಳಿ," ಅಂದರು ಗೌಡತಿ.

"ತಪ್ಪಾಯ್ತು," ಅಂದೆ ಗಟ್ಟಿಯಾಗಿ. ಮುಖಕ್ಕೆ ಒಲೆಯ ಕಾವು ಹೊಡೆಯುತ್ತಿತ್ತು, ಪುಣ್ಯ, ಕಣ್ಣಲ್ಲಿ ನೀರು ಯಾಕೆ ಅಂತ ಯಾರೂ ಕೇಳಲಿಲ್ಲ.

ಆಮೇಲೆ ಗೌಡತಿ ನನ್ನನ್ನು ಜಗಲಿಗೆ ಕರೆದು, ಕುಂಕುಮ ಇಟ್ಟು, ಒಂದು ಹೋಳು ಕಾಯಿ, ಅಚ್ಚು ಬೆಲ್ಲ ಕೊಟ್ಟರು. "ಮನಸಲ್ಲಿ ಮಡಿಕ್ಕಬ್ಯಾಡ ಕಣವ್ವ. ನೀನೂ ದುಡಿಯೋಳು ನಾನೂ ದುಡಿಯೋಳು," ಅಂದು ಬೆನ್ನು ಸವರಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬೆಲ್ಲವನ್ನು ದಾರಿಯಲ್ಲಿ ಒಂದು ಮೇಕೆಗೆ ತಿನ್ನಿಸಿದೆ.

ಬದುವಿನ ಮೇಲೆ ಕಬ್ಬಿಣದ ಕಂಬ ನೆಟ್ಟೆವು. ಹೊಸ ಕೇಬಲ್ ನಾನೇ ಎಳೆದೆ. ಬಿಗಿ ಮಾಡದೆ ಗಾಳಿಗೆ ತೂಗುವಷ್ಟು ಸಡಿಲ ಬಿಟ್ಟು, ಎಲ್ಲೂ ಚೂಪಾಗಿ ಬಗ್ಗಿಸದೆ, ಭಾರವೆಲ್ಲ ಜೊತೆಗೆ ಬಿಟ್ಟ ಉಕ್ಕಿನ ತಂತಿಯ ಮೇಲೆ ಹಾಕಿ, ಪ್ರತಿ ಜಾಯಿಂಟಿಗೂ ನೀರು ಇಳಿಯದ ಹಾಗೆ ರಬ್ಬರ್ ತೊಡಿಸಿದೆ. ಬಡಾವಣೆಯ ಕೊನೇ ಮನೆಯಲ್ಲೂ ಅರವತ್ತೆರಡು ಬಂತು. ಗೌರಿ ಹಬ್ಬದ ದಿನ ಮನೆಮನೆಯಲ್ಲೂ ಟಿವಿ ಹಾಡುತ್ತಿತ್ತು. ಗೌಡತಿಯ ಬ್ಯಾರನ್ ಚಿಮಣಿ ಜೋರಾಗಿಯೇ ಹೊಗೆ ಬಿಡುತ್ತಿತ್ತು, ಒಂದು ಚೂರೂ ಪಿಕ್ಚರ್ ಅಲುಗಲಿಲ್ಲ.

ಅಕ್ಕನ ಮನೆಗೆ ಹೋದೆ. ಹೋಳಿಗೆ ಬಡಿಸಿದಳು. ಟಿವಿ ಕಡೆ ಕೈ ತೋರಿಸಿ, ನಂಬಿಕೆಯಿಂದ, ನನ್ನ ಮುಖ ನೋಡಿಕೊಂಡೇ ಅಂದಳು:

"ನೋಡವ್ವ, ಕಾಯಿ ಒಡದ್ ಮ್ಯಾಲೆ ಒಂದಿನಾನೂ ಕೆಟ್ಟಿಲ್ಲ."

"ಅಕ್ಕಾ! ಕೇಬಲ್ ಬದಲಾಯಿಸಿದ್ದೀನಿ. ದಾರೀನೇ ಬೇರೆ ಮಾಡಿದ್ದೀನಿ. ಮಳೆ ಸೊಪ್ಪು ಅಂತ ನೀನೇ ಹೇಳಿದ್ದೆ."

"ಅದು ಸೊಪ್ಪಿನ ಮಾತು. ಇದು ಬ್ಯಾರೆ. ಮೊದ್ಲು ಎಷ್ಟ್ ಸಲ ಬದಲಾಯಿಸ್ದೆ ನೀನು? ಆಯ್ತಾ?"

ಚೀಲದಿಂದ ಆ ಸುಟ್ಟ ತುಂಡು ತೆಗೆದು ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟಕ್ಕೆಲ್ಲ ಕೆಡ್ತದಾ?" ಅಂದು ವಾಪಸ್ ಕೊಟ್ಟಳು. ಹಳೇ ಬೀದಿಯವರಿಗೂ ತೋರಿಸಿದೆ. ಹಾಲಿನ ಡೈರಿಯ ಹತ್ತಿರ ಒಬ್ಬರು, "ಅಂತೂ ಗೌಡಮ್ನೋರು ಕೈ ಬುಡ್ಲಿಲ್ಲ ಬುಡು," ಅಂದರು. ಇಡೀ ಊರಿನಲ್ಲಿ ಆ ತಂತಿ ನಡುವಿನಲ್ಲಿ ಇಲ್ಲದೆ ಇದ್ದದ್ದು ಕಂಡದ್ದು ನನಗೊಬ್ಬಳಿಗೆ.

ಹಬ್ಬ ಕಳೆದು ಆಫೀಸಿಗೆ ಹೋದೆ. ಲೈನ್ ನನಗೇ ಉಳಿಯಿತು. ಮೇಜಿನ ಮೇಲಿದ್ದ ಹೊಸ ಬೆಲ್ಟು, ಹೊಸ ಗ್ಲೌಸು ನನ್ನ ಕಡೆ ಸರಿಸಿ ಓನರ್ ಅಂದರು, "ಪಕ್ಕದೂರಲ್ಲೂ ಪಿಕ್ಚರ್ ಒಡೀತಾ ಅದಂತೆ. ಗೌಡಮ್ನೋರೇ ಫೋನ್ ಮಾಡಿ, ಆ ಹುಡ್ಗೀನೇ ಕಳ್ಸಿ ಅಂದ್ರು. ಹೋಗಿ ನೋಡು."

ನನಗೆ ಒಂದು ಗಳಿಗೆ ಎದೆ ತುಂಬಿಬಂತು. ಬೆಲ್ಟ್ ಎತ್ತಿಕೊಂಡು, ಮೀಟರ್ ಚಾರ್ಜ್ ನೋಡಿಕೊಂಡು ಬಾಗಿಲಿಗೆ ಹೊರಟೆ.

"ಹಾಗೇ ಹೋಗ್ತಾ ಒಂದ್ ಕಾಯಿ ತಗೊಂಡೋಗು," ಅಂದರು. "ಆಫೀಸ್ ಖರ್ಚಿಗೆ ಹಾಕು."

ತಮಾಷೆ ಮಾಡುತ್ತಿದ್ದಾರೆ ಅಂತ ತಿರುಗಿ ಮುಖ ನೋಡಿದೆ. ಅವರು ಆಗಲೇ ಇನ್ನೊಂದು ಫೋನ್ ಎತ್ತಿದ್ದರು.